ಬೂದಿ ಮುಚ್ಚಿದ ಕೆಂಡವನ್ನು ಕಂಡ ಕಣ್ಣು

ವಿದ್ಯುತ್ತಿನ ಹಾದಿಯಲ್ಲಿ ಹುಟ್ಟುವ ಕೇಡಿಗೆ ಒಂದು ವಿಚಿತ್ರ ಸ್ವಭಾವವುಂಟು. ಪ್ರವಾಹ ಹರಿಯುತ್ತಿರುವಾಗ ಮಾತ್ರ ಅದು ತನ್ನ ಬಣ್ಣ ತೋರಿಸುತ್ತದೆ. ಎರಡು ತಂತಿಗಳು ಕೂಡುವೆಡೆಯಲ್ಲಿ ಬೋಲ್ಟು ಸಡಿಲವಾಗಿದ್ದರೆ, ಇಲ್ಲವೆ ಲೋಹಕ್ಕೆ ಕಿಲುಬು ಹಿಡಿದಿದ್ದರೆ, ಅಲ್ಲಿ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಲ್ಲಿ ಶಾಖ ಹುಟ್ಟುತ್ತದೆ. ಶಾಖದಿಂದ ಕಿಲುಬು ಇನ್ನಷ್ಟು ಬೆಳೆಯುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆದ ಈ ವ್ಯವಹಾರ ಒಂದು ದಿನ ಬೆಂಕಿಯಾಗಿ ಹೊರಬೀಳಬಹುದು. ಪರೀಕ್ಷೆಗೆಂದು ಸ್ವಿಚ್ಚು ಆರಿಸಿದಿರೋ, ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ತಣ್ಣಗಾಗಿ, ಕೆಟ್ಟ ಜಾಯಿಂಟೂ ಒಳ್ಳೆಯ ಜಾಯಿಂಟೂ ಒಂದೇ ಮುಖ ಹೊತ್ತು ನಿಲ್ಲುತ್ತವೆ. ಆರಿಸದೆ ಮುಟ್ಟಿ ನೋಡೋಣವೆಂದರೆ, ಮುಟ್ಟಿದವನು ವರದಿ ಬರೆಯಲು ಉಳಿಯುವುದಿಲ್ಲ.

ಈ ಇಕ್ಕಟ್ಟಿನಿಂದ ಪಾರುಮಾಡಿದ ವಿದ್ಯೆಯ ಬೇರು ಇರುವುದು ವಿದ್ಯುತ್ತಿನಲ್ಲಲ್ಲ, ಆಕಾಶದಲ್ಲಿ. ಹ್ಯಾನೋವರಿನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು, ಬಾತ್ ಪಟ್ಟಣದಲ್ಲಿ ಆರ್ಗನ್ ನುಡಿಸುತ್ತಿದ್ದ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡು ಪ್ರಸಿದ್ಧನಾದ. ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಬಳಸುವಾಗ, ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಶಾಖ ಹೆಚ್ಚೆಂದು ಅವನಿಗೆ ಅನ್ನಿಸಿತು. 1800ರಲ್ಲಿ ಆತ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವಿಟ್ಟ. ನೇರಳೆಯಲ್ಲಿ 2 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ. ಹಸಿರಿನಲ್ಲಿ 3ಕ್ಕೆ ತುಸು ಮೇಲೆ. ಕೆಂಪಿನಲ್ಲಿ ಸುಮಾರು 7. ಕೆಂಪಿನ ಆಚೆಗೆ, ಏನೂ ಕಾಣದ ಕತ್ತಲೆಯಲ್ಲಿ ಇಟ್ಟ ಮಾಪಕ ಅದಕ್ಕೂ ಮೇಲೇರಿತು! ಕಣ್ಣಿಗೆ ಬೀಳದ ಬೆಳಕೊಂದಿದೆ ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿ ಇದು. ಅದೇ ಅವಕೆಂಪು ಕಿರಣ, ಇನ್‌ಫ್ರಾರೆಡ್. ಅವನ ಮಗ ಜಾನ್ ಹರ್ಷೆಲ್ 1840ರಲ್ಲಿ ಮಸಿ ಬಳಿದ ಕಾಗದವನ್ನು ಮದ್ಯಸಾರದಲ್ಲಿ ನೆನೆಸಿ, ಬಿಸಿ ಬಿದ್ದೆಡೆ ಬೇಗ ಒಣಗುವುದನ್ನೇ ಚಿತ್ರವಾಗಿಸಿದ. ಶಾಖದ ಮೊದಲ ಚಿತ್ರಪಟವೆಂದರೆ ಸಲ್ಲುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಅಮೆರಿಕದ ಖಗೋಳಜ್ಞ ಸ್ಯಾಮ್ಯುಯೆಲ್ ಲ್ಯಾಂಗ್ಲೆಯದು. 1880ರ ಸುಮಾರಿಗೆ ಆತ ರೂಪಿಸಿದ ಬೋಲೋಮೀಟರಿನಲ್ಲಿ ಇದ್ದದ್ದು ಲೋಹದ ತೆಳು ಪಟ್ಟಿಗಳು. ಶಾಖ ತಾಗಿದರೆ ಅವುಗಳ ವಿದ್ಯುತ್ ತಡೆ ಬದಲಾಗುತ್ತದೆ. ಕಾಲು ಮೈಲಿ ಆಚೆ ನಿಂತ ಹಸುವಿನ ಮೈ ಬಿಸುಪನ್ನೂ ಅದು ಗುರುತಿಸುತ್ತಿತ್ತೆಂದು ಹೇಳುವುದುಂಟು. ಇಲ್ಲೊಂದು ಸ್ವಾರಸ್ಯವಿದೆ. ಸಡಿಲ ಜಾಯಿಂಟಿನಲ್ಲಿ ತಡೆಯಿಂದ ಶಾಖ; ಲ್ಯಾಂಗ್ಲೆಯ ಪಟ್ಟಿಯಲ್ಲಿ ಶಾಖದಿಂದ ತಡೆ. ರೋಗದ ದಾರಿಯನ್ನೇ ಹಿಮ್ಮುಖವಾಗಿ ನಡೆದು ರೋಗವನ್ನು ಹಿಡಿಯುವ ಉಪಾಯ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಯನ್ನು ಬಹುವಾಗಿ ಸಾಕಿದವರು ಸೈನ್ಯದವರು. ಕತ್ತಲಲ್ಲಿ ವೈರಿಯನ್ನು ಕಾಣುವ ಆಸೆ ಯಾವ ಸೇನಾಪತಿಗಿಲ್ಲ? ಊರಿನ ತಂತಿಗಳ ಯೋಗಕ್ಷೇಮಕ್ಕೆ ಅದು ಇಳಿದು ಬಂದದ್ದು ಸ್ವೀಡನ್ನಿನಿಂದ. ಅಲ್ಲಿಯ ಆಗಾ ಕಂಪನಿ 1965ರಲ್ಲಿ ವಿದ್ಯುತ್ ಮಾರ್ಗಗಳ ತಪಾಸಣೆಗೆಂದು ಶಾಖ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಈ ಸಂಸ್ಥೆಯನ್ನು ಬೆಳೆಸಿದ ಗುಸ್ತಾಫ್ ದಾಲೇನ್ ದೀಪಸ್ತಂಭಗಳ ಸ್ವಯಂಚಾಲಿತ ದೀಪಗಳಿಗಾಗಿ 1912ರಲ್ಲಿ ನೊಬೆಲ್ ಬಹುಮಾನ ಪಡೆದವನು. ಅದೇ ವರ್ಷ ಅನಿಲ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡು, 1937ರಲ್ಲಿ ಸಾಯುವವರೆಗೂ ಕುರುಡನಾಗಿಯೇ ಅದನ್ನು ನಡೆಸಿದ. ಅಂಥವನ ಕಂಪನಿಯಿಂದ ಕಾಣದುದನ್ನು ಕಾಣುವ ಕಣ್ಣು ಹೊರಬಂದಿತೆಂಬುದನ್ನು ಯಾವ ಕಥೆಗಾರ ಬರೆದಿದ್ದರೂ ನಾವು ನಂಬುತ್ತಿರಲಿಲ್ಲ.

ಆ ಕಾಲದ ಸಲಕರಣೆಯನ್ನು ಒಬ್ಬ ಹೊರುವಂತಿರಲಿಲ್ಲ. ಕ್ಯಾಮೆರಾ ಒಂದೇ ಸುಮಾರು 25 ಕಿಲೋ. ಜೊತೆಗೆ ಚಿತ್ರ ತೋರಿಸುವ ಪೆಟ್ಟಿಗೆ, ಮುಕ್ಕಾಲಿ, ಗ್ರಾಹಕವನ್ನು ತಣ್ಣಗಿಡಲು ದ್ರವ ನೈಟ್ರೋಜನ್! ಅಮೆರಿಕದ ಹನಿವೆಲ್ ಸಂಸ್ಥೆ ಸೈನ್ಯಕ್ಕಾಗಿ ಗುಟ್ಟಾಗಿ ಬೆಳೆಸಿದ, ಶೈತ್ಯ ಬೇಡದ ಸೂಕ್ಷ್ಮ ಬೋಲೋಮೀಟರಿನ ವಿದ್ಯೆ 1992ರಲ್ಲಿ ಬಯಲಿಗೆ ಬಂದ ಮೇಲೆಯೇ ಕ್ಯಾಮೆರಾ ಅಂಗೈಗೆ ಇಳಿಯುವ ದಾರಿ ಸುಗಮವಾಯಿತು. ಮೂಲತಃ ಅದು ಲ್ಯಾಂಗ್ಲೆಯ ಪಟ್ಟಿಯೇ. ಸಾವಿರಾರು ಚುಕ್ಕಿಗಳಾಗಿ ಚಿಕ್ಕದಾಗಿದೆ, ಅಷ್ಟೆ.

ಆದರೆ ಯಂತ್ರ ತೋರಿಸಿದ್ದನ್ನೆಲ್ಲ ನಂಬುವವನಿಗೆ ಈ ಕೆಲಸ ತಕ್ಕುದಲ್ಲ. ಕ್ಯಾಮೆರಾ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ, ತನ್ನತ್ತ ಬಂದ ಕಿರಣವನ್ನು ಅಳೆಯುತ್ತದೆ. ತಿಕ್ಕಿ ಹೊಳಪಿಸಿದ ತಾಮ್ರ ಎಷ್ಟು ಕಾದರೂ ಕಿರಣ ಬಿಡುವುದರಲ್ಲಿ ಜಿಪುಣ. ಸಾಲದ್ದಕ್ಕೆ ಕನ್ನಡಿಯಂತೆ ಎದುರಿನವನ ಮೈ ಬಿಸುಪನ್ನೇ ಅವನಿಗೆ ತೋರಿಸೀತು. ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅರ್ಧ ಲೋಡಿನಲ್ಲಿ ಕೆಟ್ಟ ಜಾಯಿಂಟು ಕಾಲು ಪಾಲು ಶಾಖವನ್ನಷ್ಟೇ ಹುಟ್ಟಿಸಿ ಸಾಧುವಿನಂತೆ ಕುಳಿತಿರುತ್ತದೆ. ಬಯಲಿನಲ್ಲಿ ಗಾಳಿ ಬೀಸಿದರೂ ಹಾಗೆಯೇ. ಅದಕ್ಕೇ ಬಲ್ಲವರು ಒಂದು ಅಂಕಿಗೆ ಜೋತುಬೀಳದೆ ಮೂರು ಫೇಸುಗಳನ್ನೂ ಅಕ್ಕಪಕ್ಕ ನೋಡುತ್ತಾರೆ. ಒಂದೇ ಹೊರೆ ಹೊತ್ತ ಮೂವರಲ್ಲಿ ಒಬ್ಬನಿಗೆ ಮಾತ್ರ ಜ್ವರವೇಕೆ ಎಂದು ಕೇಳುವುದು ಅವರ ಕ್ರಮ.

ಇನ್ನೊಂದು ಮಾತು. ಹರ್ಷೆಲ್ಲನ ಪಟ್ಟಕವನ್ನು ದಾಟಿ ಬಂದವು ಕೆಂಪಿನ ನೆರೆಯ ಕಿರಣಗಳು. ಬೆಚ್ಚಗಾದ ಬೋಲ್ಟಿನಿಂದ ಹೊರಡುವ ದೀರ್ಘ ತರಂಗಗಳಿಗೆ ಗಾಜು ಗೋಡೆಯಿದ್ದಂತೆ. ಆದ್ದರಿಂದ ಇಂದಿನ ಬಹುಪಾಲು ಶಾಖ ಕ್ಯಾಮೆರಾಗಳ ಮಸೂರ ಜರ್ಮೇನಿಯಂನದು. ನಮ್ಮ ಕಣ್ಣಿಗೆ ಅದು ಲೋಹದ ಬಿಲ್ಲೆಯಂತೆ ಅಪಾರದರ್ಶಕ. ಗಾಜಿನ ಕಿಟಕಿಯಿಟ್ಟ ಸ್ವಿಚ್‌ಬೋರ್ಡಿನೊಳಗೂ ಅದು ಹಣಕಲಾರದು. ಅವಕೆಂಪಿಗೆಂದೇ ಮಾಡಿದ ಕಿಂಡಿ ಇಲ್ಲದೆಡೆ, ವಿದ್ಯುತ್ತು ಹರಿಯುತ್ತಿರುವಾಗಲೇ ಬಾಗಿಲನ್ನು ಒಬ್ಬ ಮನುಷ್ಯ ತೆರೆಯಬೇಕು.