ಕೋಸಾಗದೆ ಉಳಿದ ಬ್ರೊಕೋಲಿ

ನಮ್ಮ ಹೊಲದಲ್ಲಿ ಬ್ರೊಕೋಲಿ ಬೆಳೆದ ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ತಿನ್ನಲಿಲ್ಲ. ನಾನಾಗ ಎಂ.ಎ. ಮೊದಲ ವರ್ಷದಲ್ಲಿದ್ದೆ. ಮಾಲೂರು ತಾಲ್ಲೂಕಿನ ನಮ್ಮೂರಿಗೆ ಎಲೆಕೋಸು, ಹೂಕೋಸು, ಕ್ಯಾರೆಟ್ ಹೊಸದಲ್ಲ. ಬೆಳಗಿನ ಜಾವ ಬೆಂಗಳೂರಿನ ಮಾರುಕಟ್ಟೆಗೆ ಹೊರಡುವ ಟೆಂಪೋಗಳ ಸದ್ದಿಗೇ ನಾವು ಏಳುತ್ತಿದ್ದದ್ದು. ಆ ವರ್ಷ ಒಂದು ಕಂಪನಿಯವರು ಬಂದು, ಸಸಿ ನಾವೇ ಕೊಡುತ್ತೇವೆ, ಬೆಳೆದದ್ದನ್ನು ನಾವೇ ಕೊಳ್ಳುತ್ತೇವೆ ಎಂದರು. ಅಪ್ಪ ಅರ್ಧ ಎಕರೆಯಲ್ಲಿ ನಾಟಿ ಮಾಡಿಸಿದರು.

ಮೊದಲ ಕೊಯ್ಲು ಚೆನ್ನಾಗಿಯೇ ಹೋಯಿತು. ಎರಡನೆಯ ಕೊಯ್ಲಿನ ದಿನ ಗಾಡಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಂದವರು ಹಳದಿಗೆ ತಿರುಗಿದ ಮೊಗ್ಗುಗಳನ್ನು ಬೆರಳಲ್ಲಿ ಮುಟ್ಟಿ ತೋರಿಸಿ, ಇದು ನಡೆಯಲ್ಲ ಎಂದು ಹೇಳಿ ಹೊರಟುಹೋದರು. ಹನ್ನೊಂದು ಕ್ರೇಟು ಬ್ರೊಕೋಲಿ ಹಸುಗಳ ಮುಂದೆ ಬಿತ್ತು. ಒಂದೆರಡನ್ನಾದರೂ ಪಲ್ಯ ಮಾಡಬಹುದಿತ್ತಲ್ಲ ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮುಖ ಎತ್ತದೆ, "ಅದೇನ್ ಕೋಸಾ, ಪಲ್ಯ ಮಾಡೋಕೆ?" ಎಂದಳು.

ಈಗ ಕನ್ನಡದ ಪಾಕಗ್ರಂಥಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಅಮ್ಮನ ಆ ಮಾತು ಎಷ್ಟು ಓದಿದರೂ ಹಿಂದೆ ಬಿಡದ ಪ್ರಶ್ನೆಯಾಗಿದೆ. ಸಸ್ಯಶಾಸ್ತ್ರ ಕೊಡುವ ಉತ್ತರವೇನೋ ಸರಳ. ಹೌದಮ್ಮಾ, ಅದು ಕೋಸೇ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಪ್ರಭೇದ. ಯುರೋಪಿನ ಕಡಲಂಚಿನ ಒಂದು ಕಾಡುಗಿಡದ ಎಲೆಯನ್ನು ಕೆಲವರು ಬೆಳೆಸಿದರು, ಕಾಂಡವನ್ನು ಕೆಲವರು ಉಬ್ಬಿಸಿದರು, ಹೂವನ್ನು ಇನ್ನು ಕೆಲವರು ದಪ್ಪ ಮಾಡಿದರು. ಸಾವಿರಾರು ವರ್ಷಗಳ ಆಯ್ಕೆಯಲ್ಲಿ ಒಂದೇ ಗಿಡ ಇಷ್ಟು ರೂಪ ತಾಳಿತು. ನನಗೆ ಖುಷಿ ಕೊಡುವ ಸಂಗತಿಯೆಂದರೆ, ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುವ ಈ ತರಕಾರಿಗಳು ಒಂದೇ ಮನೆಯವು ಎಂಬುದು ಕನ್ನಡಕ್ಕೆ ಗೊತ್ತಿತ್ತು. ಹಿಂದಿಯ ಪತ್ತಾಗೋಭಿ, ಫೂಲ್‌ಗೋಭಿಗಳ ಹಾಗೆ ನಮ್ಮವರೂ ಕೋಸನ್ನು ಮನೆತನದ ಹೆಸರಾಗಿ ಇಟ್ಟುಕೊಂಡು, ಮುಂದೆ ಎಲೆ, ಹೂ ಎಂದು ಸೇರಿಸುತ್ತಾ ಹೋದರು.

ಆದರೆ ಈ ಕೋಸೇ ನಮ್ಮದಲ್ಲ. ಪದದ ಮೂಲವನ್ನು ಸಾಮಾನ್ಯವಾಗಿ ಪೋರ್ಚುಗೀಸರ 'ಕೋವೆ'ಯಲ್ಲಿ ಗುರುತಿಸುತ್ತಾರೆ. ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಬರೆದದ್ದು ಸುಮಾರು 1508ರಲ್ಲಿ. ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಮಂಗರಸನ ಅಡುಗೆಮನೆಯಲ್ಲಿ ಬದನೆಕಾಯಿಗೆ ದೊಡ್ಡ ಮರ್ಯಾದೆ ಇದೆ, ಆದರೆ ಆಲೂಗಡ್ಡೆ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಕಡಲಾಚೆಯ ತರಕಾರಿಗಳು ದಡ ಮುಟ್ಟುವ ಮುನ್ನ ಮುಚ್ಚಿದ ಕೊನೆಯ ಬಾಗಿಲಿನಂತೆ ನನಗೆ ಆ ಪುಸ್ತಕ ಕಾಣುತ್ತದೆ. ನವಿಲುಕೋಸಿನ ಕತೆ ಇನ್ನೂ ಸ್ವಾರಸ್ಯಕರ. ಡಚ್ಚರ 'ಕ್ನೋಲ್‌ಕೋಲ್' ಇಂಡಿಯಾದ ಇಂಗ್ಲಿಷಿಗೆ ಬಂದು 'ನೋಲ್‌ಕೋಲ್' ಆಯಿತು. ಆ ಗಡ್ಡೆಯಲ್ಲಿ ನವಿಲಿನ ಹೋಲಿಕೆ ಎಲ್ಲಿದೆ ಎಂದು ನಾನು ಬಹಳ ದಿನ ಹುಡುಕಿದ್ದೇನೆ. ಡಚ್ಚರ 'ಕ್ನೋಲ್' ನಮ್ಮವರ ಕಿವಿಯಲ್ಲಿ ನವಿಲಾಗಿ ಕೇಳಿಸಿರಬೇಕು ಎಂಬುದು ನನ್ನ ಊಹೆ.

ಬೆಂಗಳೂರು ಸುತ್ತಿನ ರೈತರು ಈ ತರಕಾರಿಗಳನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಳ್ಳಲು ಕಾರಣ ದಂಡು. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ಇಲ್ಲಿ ನೆಲೆಯಾದ ಮೇಲೆ ಸೈನಿಕರಿಗೂ ಅಧಿಕಾರಿಗಳಿಗೂ ಅವರ ಊರಿನ ಕಾಯಿಪಲ್ಯ ಬೇಕಾಯಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್ ಹೊರನಾಡಿನ ಗಿಡಗಳನ್ನು ಬೆಳೆಸಿ ನೋಡುವ ಪ್ರಯೋಗಶಾಲೆಯಾಯಿತು. 1874ರಲ್ಲಿ ಅದರ ಮೇಲ್ವಿಚಾರಣೆಗೆ ಬಂದ ಜಾನ್ ಕ್ಯಾಮರಾನ್ ಹೆಸರಿನೊಂದಿಗೆ ಸೀಮೆಬದನೆಯ ಕತೆ ಬೆಸೆದುಕೊಂಡಿದೆ. ನಮಗೆ ಅದು 'ಸೀಮೆ'ಯದು, ಸೀಮೆಎಣ್ಣೆ ಸೀಮೆಸುಣ್ಣಗಳ ಹಾಗೆ ಹೊರಗಿನಿಂದ ಬಂದದ್ದು. ಆದರೆ ತೆಲುಗರಿಗೂ ತಮಿಳರಿಗೂ ಅದು 'ಬೆಂಗಳೂರು ಬದನೆ'. ಒಬ್ಬರ ಪರದೇಶಿ ಪಕ್ಕದ ಮನೆಯವರ ಕಣ್ಣಿಗೆ ಒಬ್ಬರ ಸ್ವದೇಶಿ!

ಒಂದು ತರಕಾರಿ ನಮ್ಮದಾಗುವುದು ಯಾವಾಗ? ಅದನ್ನು ಬಿತ್ತಿದಾಗಲೇ? ಅಡುಗೆಮನೆಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿವೆ. ಬ್ರಾಹ್ಮಣರ ಬಹಳಷ್ಟು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಕೋಸು, ಕ್ಯಾರೆಟ್, ಆಲೂಗಡ್ಡೆ, ಟೊಮೆಟೊ ಇವತ್ತಿಗೂ ಸೇರುವುದಿಲ್ಲ. ದಿನವೂ ತಿನ್ನುವ ಎಲೆಕೋಸು ಆ ಒಂದು ದಿನ ಮತ್ತೆ ಇಂಗ್ಲಿಷ್ ತರಕಾರಿಯಾಗಿ ಹೊರಗೆ ನಿಲ್ಲುತ್ತದೆ. ಯಾರೂ ಬರೆದಿಡದ ಒಂದು ಇತಿಹಾಸವನ್ನು ಆ ನಿಷೇಧ ಕಾಪಾಡಿಕೊಂಡು ಬಂದಿದೆ. ನಮ್ಮ ಮನೆಯ ಲೆಕ್ಕ ಬೇರೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಇಡಬೇಕು. ನಮ್ಮ ತಾತನ ಎಡೆಯಲ್ಲಿ ಬೀಡಿಯ ಪಕ್ಕ ಹೂಕೋಸಿನ ಬೋಂಡ ಇರುತ್ತದೆ. ನಮ್ಮಲ್ಲಿ ತರಕಾರಿಯ ಮೂಲವನ್ನು ಯಾರೂ ಕೇಳುವುದಿಲ್ಲ, ನಾಲಗೆಯ ನೆನಪನ್ನು ಕೇಳುತ್ತಾರೆ. ತಾತನಿಗೆ ಪ್ರಿಯವಾದ ದಿನವೇ ಹೂಕೋಸು ನಮ್ಮದಾಗಿತ್ತು.

ಹಾಗೆ ಆಗುವುದಕ್ಕೆ ಹೂಕೋಸಿಗೆ ಬೇಕಾದಷ್ಟು ಸಮಯವೂ ಸಿಕ್ಕಿತ್ತು. ಅದು ಭಾರತಕ್ಕೆ ಬಂದದ್ದು 1822ರಲ್ಲಿ, ಸಹರಾನ್‌ಪುರದ ಕಂಪನಿ ತೋಟದ ಮೂಲಕ ಎಂದು ತೋಟಗಾರಿಕೆಯ ಪುಸ್ತಕಗಳು ಹೇಳುತ್ತವೆ. ಚಳಿದೇಶದ ಆ ಗಿಡದಲ್ಲಿ ಸೆಖೆಯನ್ನೂ ಮಳೆಯನ್ನೂ ತಾಳಿಕೊಂಡವುಗಳ ಬೀಜವನ್ನೇ ಬಯಲುಸೀಮೆಯ ರೈತರು ವರ್ಷವರ್ಷವೂ ಆರಿಸಿ ಎತ್ತಿಟ್ಟುಕೊಂಡರು. ಇವತ್ತು ವಿಜ್ಞಾನಿಗಳು 'ಭಾರತೀಯ ಹೂಕೋಸು' ಎಂದು ಬೇರೆಯಾಗಿಯೇ ಗುರುತಿಸುವ ತಳಿ ಹುಟ್ಟಿದ್ದು ಹೀಗೆ. ನಮ್ಮಪ್ಪ ನಾಟಿ ಮಾಡಿದ ಬ್ರೊಕೋಲಿಗೆ ಈ ದಾರಿಯೇ ಇರಲಿಲ್ಲ. ಅದು ಹೈಬ್ರಿಡ್, ಅದರ ಬೀಜ ಎತ್ತಿಟ್ಟರೆ ಮುಂದಿನ ಬೆಳೆ ಅದೇ ಗುಣದ್ದಾಗಿ ಬರುವುದಿಲ್ಲ. ಸಸಿ ಕಂಪನಿಯಿಂದ ಬಂತು, ಬೆಳೆ ಕಂಪನಿಗೆ ಹೋಯಿತು. ನಡುವೆ ನಮ್ಮ ಮಣ್ಣು, ನೀರು, ಬೆವರು ಮಾತ್ರ.

ಬ್ರೊಕೋಲಿ ಅದರ ಸ್ವಂತ ಊರಿನಲ್ಲಿ ಹೀಗಿರಲಿಲ್ಲ. ಇಟಲಿಯ ಭಾಷೆಯಲ್ಲಿ 'ಬ್ರೊಕೊಲೊ' ಎಂದರೆ ಕೋಸಿನ ಚಿಗುರು, ಹೂಗುಡಿ ಎಂದಷ್ಟೇ ಅರ್ಥ. ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ನರ ಪಾಕಗ್ರಂಥದಲ್ಲಿ ಕೋಸಿನ ಕುಡಿಗಳಿಗೆ ಜೀರಿಗೆ, ಉಪ್ಪು, ಹಳೆಯ ವೈನ್, ಎಣ್ಣೆ ಹಾಕಲು ಹೇಳಿದೆ. ಬೇಕಿದ್ದರೆ ಕಾಳುಮೆಣಸನ್ನೂ ಸೇರಿಸಬಹುದು. ವೈನನ್ನು ಪಕ್ಕಕ್ಕಿಟ್ಟರೆ ಇದು ಪಲ್ಯವಲ್ಲದೆ ಇನ್ನೇನು? ಆ ಕಾಳುಮೆಣಸು ಮಲಬಾರ್ ಕರಾವಳಿಯಿಂದ ಹಡಗೇರಿ ಹೋಗುತ್ತಿದ್ದದ್ದು. ಬ್ರೊಕೋಲಿ ನಮ್ಮ ಬಳಿಗೆ ಬರುವ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ಕಡೆಯ ಮೆಣಸು ಅದರ ಪೂರ್ವಜರ ಜೊತೆ ಒಂದೇ ಪಾತ್ರೆಯಲ್ಲಿ ಬೆಂದಿತ್ತು. ಸೊಪ್ಪುತರಕಾರಿ ಪಚ್ಚೆಯ ಬಣ್ಣದಲ್ಲಿ ಉಳಿಯಬೇಕಾದರೆ ಬೇಯಿಸುವಾಗ ಸೋಡಾಕ್ಷಾರ ಹಾಕಬೇಕೆಂಬ ಉಪಾಯವೂ ಅದೇ ಗ್ರಂಥದಲ್ಲಿದೆ. ನಮ್ಮ ಹೋಟೆಲಿನವರು ಸೊಪ್ಪಿಗೆ ಚಿಟಿಕೆ ಸೋಡಾ ಹಾಕುವುದೂ ಇದೇ ಬಣ್ಣದಾಸೆಗೆ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಬ್ರೊಕೋಲಿಗೆ ಸ್ವಂತ ಹೆಸರು ಗಟ್ಟಿಯಾಗಿರಲಿಲ್ಲ. ತೋಟಗಾರ ಫಿಲಿಪ್ ಮಿಲ್ಲರ್ 1724ರಲ್ಲಿ ಅದನ್ನು 'ಚಿಗುರು ಹೂಕೋಸು', 'ಇಟಲಿಯ ಶತಾವರಿ' ಎಂಬ ಅರ್ಥದ ಹೆಸರುಗಳಲ್ಲಿ ವಿವರಿಸಿದ. ಅದು ದೊಡ್ಡ ಪೇಟೆಯ ಸರಕಾದದ್ದು ವಲಸಿಗರಿಂದ. ಸಿಸಿಲಿಯ ಮೆಸ್ಸಿನಾದಿಂದ ಅಮೆರಿಕಕ್ಕೆ ಹೋದ ಡಿ'ಅರಿಗೊ ಸಹೋದರರು 1922ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅದನ್ನು ಬೆಳೆದು ನೋಡಿ, ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಬಾಸ್ಟನ್ನಿಗೆ ಕಳಿಸಿದರು. ಅಲ್ಲಿದ್ದ ಇಟಲಿಯವರಿಗೆ ಅದು ಊರಿನ ನೆನಪು. ಬೆಳೆದವರೂ ತಿಂದವರೂ ಅದರ ಹೆಸರನ್ನು ಒಂದೇ ಭಾಷೆಯಲ್ಲಿ ಕರೆಯುತ್ತಿದ್ದರು.

ಆ ಮಂಜುಗಡ್ಡೆಯ ವಿವರವನ್ನು ಓದಿದ ದಿನ ನನಗೆ ನಮ್ಮ ಹನ್ನೊಂದು ಕ್ರೇಟುಗಳು ನೆನಪಾದವು. ನಾವು ತಿನ್ನುವ ಬ್ರೊಕೋಲಿ ಅರಳದ ಮೊಗ್ಗುಗಳ ಗೊಂಚಲು. ಕಿತ್ತ ಮೇಲೂ ಅದು ಉಸಿರಾಡುತ್ತದೆ. ತಂಪಿಲ್ಲದಿದ್ದರೆ ಎರಡು ಮೂರು ದಿನದಲ್ಲೇ ಹಳದಿಯಾಗುತ್ತದೆ. ನೂರು ವರ್ಷದ ಹಿಂದೆ ಒಂದು ಖಂಡವನ್ನೇ ದಾಟಿಸಿದ ತಂಪು ಮಾಲೂರಿನಿಂದ ಬೆಂಗಳೂರಿನವರೆಗೆ ಇರಲಿಲ್ಲ. ಅದು ಅಪ್ಪನ ಬೇಸಾಯದ ತಪ್ಪಾಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಬೆಂಗಳೂರಿನಿಂದ ಎರಡು ಬ್ರೊಕೋಲಿ ಕೊಂಡುಹೋದೆ. ಎಂಥ ವಿಪರ್ಯಾಸ ಎಂದು ಬಸ್ಸಿನಲ್ಲಿ ನನಗೇ ನಗು ಬಂತು. ಹೂಗಳನ್ನು ಬಿಡಿಸಿ ಉಪ್ಪುನೀರಿನಲ್ಲಿ ಹಾಕಿಟ್ಟೆ. ದಂಟನ್ನು ಎಸೆಯದೆ ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿದೆ. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ನವಿಲುಕೋಸಿನ ಥರಾನೇ ಐತಲ್ಲ" ಎಂದಳು. ಬಾಣಲೆಗೆ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು. ಮೊದಲು ದಂಟು, ಎರಡು ನಿಮಿಷ ಬಿಟ್ಟು ಹೂ. ನೀರು ಚಿಮುಕಿಸಿದರೆ ಸಾಕು, ಐದು ನಿಮಿಷದಲ್ಲಿ ಆಯಿತು. ಮುಚ್ಚಳ ಮುಚ್ಚಲು ಬಂದ ಅಮ್ಮನನ್ನು ತಡೆದೆ. ಮುಚ್ಚಿದರೆ ತರಕಾರಿಯ ಹುಳಿ ಅಂಶ ಆವಿಯಾಗಿ ಹೋಗದೆ ಬಣ್ಣ ಮಂಕಾಗುತ್ತದೆ. ಹೆಚ್ಚು ಬೆಂದರೆ ಗಂಧಕದ ವಾಸನೆ ಏಳುತ್ತದೆ. ಕೊನೆಗೆ ತೆಂಗಿನತುರಿ ಉದುರಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿದೆ.

ಅಪ್ಪ ಮುದ್ದೆ, ಸಾರಿನ ಪಕ್ಕ ಅದನ್ನು ಹಾಕಿಸಿಕೊಂಡು ಸುಮ್ಮನೆ ತಿಂದರು. ಎರಡನೆಯ ಸಲವೂ ಹಾಕಿಸಿಕೊಂಡರು. ಆಮೇಲೆ, "ಕೇಜಿ ಎಷ್ಟಂತೆ ಬೆಂಗಳೂರಲ್ಲಿ?" ಎಂದು ಕೇಳಿದರು. ನಾನು ಹೇಳಿದೆ. ಅವರ ಕೈ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಅಮ್ಮ ಬಾಣಲೆಯ ತಳ ಕೆರೆಯುತ್ತಾ, "ಅವತ್ತು ಹಸಾಗಳಿಗೆ ಹಾಕಿದ್ವಲ್ಲ, ಇದೇ ಹಸ್ರು ಕೋಸು" ಎಂದಳು.

ಯಾವ ನಿಘಂಟಿನಲ್ಲೂ ನಾನು ಕಂಡಿರದ ಪದ ಅದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದೇನೆ.