ಕಂಪಾಲಾದ ಗಡ್ಡೆ, ಲಂಡನ್ನಿನ ವೈರಸ್

1957ರಲ್ಲಿ ಉಗಾಂಡಾದ ಕಂಪಾಲಾದಲ್ಲಿ, ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ದವಡೆ ವಿಪರೀತ ಊದಿಕೊಂಡಿದ್ದ ಮಗುವೊಂದನ್ನು ಕಂಡರು. ಅದೇ ಬಗೆಯ ಗಡ್ಡೆ ಮತ್ತೆ ಮತ್ತೆ ಮಕ್ಕಳಲ್ಲೇ ಕಾಣಿಸಿತು. 1961ರ ಕೊನೆಯಲ್ಲಿ ಇಬ್ಬರು ಗೆಳೆಯರೊಂದಿಗೆ ಹಳೆಯ ಕಾರಿನಲ್ಲಿ, ರೋಗ ಎಲ್ಲೆಲ್ಲಿದೆಯೆಂದು ತಿಳಿಯಲು, ಅವರು ಸುಮಾರು 10,000 ಮೈಲಿ ಸುತ್ತಿದರು. ಸೆಖೆಯೂ ಮಳೆಯೂ ಹೆಚ್ಚಿರುವ ಕಡೆಗಳಲ್ಲೇ ರೋಗವಿತ್ತು.

ಅದೇ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಬರ್ಕಿಟ್ ಅವರ ಉಪನ್ಯಾಸ ಕೇಳಿದ್ದ ವೈರಸ್ ಸಂಶೋಧಕ ಆಂಟನಿ ಎಪ್‌ಸ್ಟೀನ್ ಈ ಗಡ್ಡೆಯ ಹಿಂದೆ ವೈರಸ್ ಇರಬೇಕೆಂದು ಊಹಿಸಿದ್ದರು. ಗಡ್ಡೆಯ ತುಣುಕುಗಳು ವಿಮಾನದಲ್ಲಿ ಬರತೊಡಗಿದವು. ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಂಜು ಮುಸುಕಿ ವಿಮಾನ ಮ್ಯಾಂಚೆಸ್ಟರ್‌ಗೆ ತಿರುಗಿತು. ತಡವಾಗಿ ತಲುಪಿದ ಮಾದರಿಯ ದ್ರವ ಕದಡಿತ್ತು. ಕೆಟ್ಟಿದೆಯೆಂದು ಯಾರಾದರೂ ಚೆಲ್ಲಿಬಿಡುತ್ತಿದ್ದರು. ಎಪ್‌ಸ್ಟೀನ್ ಪರೀಕ್ಷಿಸಿದರು: ತೇಲುತ್ತಿದ್ದದ್ದು ಬ್ಯಾಕ್ಟೀರಿಯಾ ಅಲ್ಲ, ಜೀವಂತ ಗಡ್ಡೆಕೋಶಗಳು! ಸಂಶೋಧಕಿ ಇವೊನ್ ಬಾರ್ ಜೊತೆ ಅವನ್ನು ಬೆಳೆಸಿ, 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಹೊಸ ವೈರಸ್ಸನ್ನು ಕಂಡರು.

ಅದು ಉಳಿಯುವ ಬಗೆ ತಿಳಿಯಲು ದಶಕಗಳೇ ಬೇಕಾದವು. ಸೋಂಕು ತಗುಲಿದ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವುದು ದೇಹದ ರಕ್ಷಣೆ. ಎಪ್‌ಸ್ಟೀನ್–ಬಾರ್ ವೈರಸ್ ಅದನ್ನೇ ತಡೆಯುತ್ತದೆ. ಅದರ ಬಿಎಚ್‌ಆರ್‌ಎಫ್1 ಪ್ರೋಟೀನು ನಮ್ಮದೇ ಬಿಸಿಎಲ್-2 ಪ್ರೋಟೀನನ್ನು ಹೋಲುತ್ತದೆ, ಸಾವಿನ ಸಂಕೇತ ಒಯ್ಯುವ ಪ್ರೋಟೀನುಗಳನ್ನು ಕಟ್ಟಿಹಾಕುತ್ತದೆ. ವೈರಸ್ಸಿನ ಇನ್ನೊಂದು ಪ್ರೋಟೀನು ಎಲ್‌ಎಂಪಿ1 ಬದುಕುವ, ವಿಭಜನೆಗೊಳ್ಳುವ ಸೂಚನೆಯನ್ನು ಎಡೆಬಿಡದೆ ಕೊಡುತ್ತದೆ. ಮತ್ತೊಂದು ಪ್ರೋಟೀನು ಇಬಿಎನ್‌ಎ1 ವೈರಸ್ಸಿನ ಡಿಎನ್‌ಎಯನ್ನು ವರ್ಣತಂತುವಿಗೆ ಬಿಗಿದು ಮರಿಕೋಶಗಳಿಗೆ ದಾಟಿಸುತ್ತದೆ. ಬರ್ಕಿಟ್ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೊಂದೇ.

ಜಗತ್ತಿನ ಶೇಕಡ 90ಕ್ಕೂ ಹೆಚ್ಚು ವಯಸ್ಕರ ಬಿ ಕೋಶಗಳೆಂಬ ಬಿಳಿರಕ್ತಕೋಶಗಳಲ್ಲಿ ಈ ವೈರಸ್ ಜೀವನಪೂರ್ತಿ ನೆಲೆಸಿರುತ್ತದೆ, ಬಹುಪಾಲು ಯಾವ ತೊಂದರೆಯನ್ನೂ ಕೊಡದೆ.