ಹಲವು ನುಡಿಗಳ ತರಗತಿ: ಅಂತರರಾಷ್ಟ್ರೀಯ ಶಾಲೆಯಲ್ಲಿ ಪ್ರಾಥಮಿಕ ಬೋಧನೆ

ಅಂತರರಾಷ್ಟ್ರೀಯ ಶಾಲೆ ಎಂಬ ಫಲಕ ಈಗ ಬೆಂಗಳೂರಿನ ಹೊಸ ಬಡಾವಣೆಗಳಲ್ಲೂ ಕಾಣುತ್ತದೆ. ಇಲ್ಲಿ ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ. ತಂದೆತಾಯಿಯ ಉದ್ಯೋಗದ ದೆಸೆಯಿಂದ ಪರದೇಶದಲ್ಲಿ ಬೆಳೆಯುವ ಮಕ್ಕಳ ಶಾಲೆಗಳು ಜಿನೀವಾ, ದುಬೈ, ಸಿಂಗಪುರ, ನೈರೋಬಿಯಂಥ ನಗರಗಳಲ್ಲಿವೆ. ಅಲ್ಲಿ ಐದರಿಂದ ಹನ್ನೊಂದು ವರ್ಷದವರಿಗೆ ಪಾಠ ಹೇಳುವ ಕೆಲಸ ಈ ಲೇಖನದ ವಿಷಯ. ರಾಯಭಾರ ಕಚೇರಿಯ ಅಧಿಕಾರಿಯ ಮಗಳು, ಎಂಜಿನಿಯರ್ ದಂಪತಿಯ ಮಗ, ಸ್ಥಳೀಯ ವ್ಯಾಪಾರಿಯ ಮಗು, ಮೂವರೂ ಒಂದೇ ಮೇಜಿನ ಸುತ್ತ ಕೂತಿರುತ್ತಾರೆ. ಮೂವರ ಮನೆಮಾತೂ ಬೇರೆ, ಪಾಠದ ಮಾತು ಇನ್ನೊಂದು.

ಹೊರಗಿನಿಂದ ನೋಡುವವರಿಗೆ ಈ ಕೆಲಸದಲ್ಲಿ ಮೊದಲು ಕಾಣುವುದು ಸಂಬಳ, ಸೌಕರ್ಯ, ರಜೆಯ ಪ್ರವಾಸ. ತರಗತಿಯ ಒಳಗಿನ ನಿಜವಾದ ಸವಾಲು ಇವುಗಳಿಗೆ ಸಂಬಂಧಿಸಿದ್ದಲ್ಲ. ಎಲ್ಲ ಬಲ್ಲ, ಆದರೆ ಹೇಳಲು ಭಾಷೆ ಸಿಗದ ಮಗುವನ್ನು ಗುರುತಿಸುವುದು ಹೇಗೆ ಎಂಬುದೇ ಅದು.

ಜಿನೀವಾದ ಎಂಟು ಮಕ್ಕಳು

ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಜಿನೀವಾದಲ್ಲಿ ನೆಲೆಯೂರಿದವು. ನಾನಾ ದೇಶಗಳಿಂದ ಬಂದ ಅಧಿಕಾರಿಗಳಿಗೆ ಮಕ್ಕಳನ್ನು ಎಲ್ಲಿ ಓದಿಸುವುದೆಂಬ ಚಿಂತೆ ಹತ್ತಿತು. 1924ರಲ್ಲಿ ಸ್ವಿಸ್ ಶಿಕ್ಷಣತಜ್ಞ ಅಡಾಲ್ಫ್ ಫೆರಿಯೆರ್ ಅವರ ಮನೆಯಲ್ಲಿ ಎಂಟು ಮಕ್ಕಳೊಂದಿಗೆ ಒಂದು ಶಾಲೆ ಶುರುವಾಯಿತು. ಅದೇ ಇಂದಿನ ಜಿನೀವಾ ಅಂತರರಾಷ್ಟ್ರೀಯ ಶಾಲೆ. ಅದೇ ವರ್ಷ ಜಪಾನಿನ ಯೊಕೊಹಾಮಾದಲ್ಲೂ ಇಂಥ ಶಾಲೆಯೊಂದು ತೆರೆಯಿತು.

ಜಿನೀವಾ ಶಾಲೆಗೆ ತನ್ನತನ ತಂದುಕೊಟ್ಟವರು 1929ರಿಂದ ಎರಡು ದಶಕ ಅದನ್ನು ನಡೆಸಿದ ಮರಿ-ತೆರೇಸ್ ಮೊರೆಟ್. ಭೂಗೋಳವನ್ನು ಇಡೀ ಭೂಮಿಯಿಂದ ಆರಂಭಿಸಬೇಕು, ಸ್ವದೇಶದ ನಕಾಶೆ ಆಮೇಲೆ ಬರಲಿ ಎಂಬುದು ಅವರ ನಿಲುವು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಪಾಠ ನಡೆಯುತ್ತಿತ್ತು. ಶಾಂತಿಗಾಗಿ ಶಿಕ್ಷಣ ಕೊಡುವ ವಿಧಾನಗಳ ಬಗ್ಗೆ 1948ರಲ್ಲಿ ಅವರು ಯುನೆಸ್ಕೋಗಾಗಿ ಒಂದು ಹೊತ್ತಗೆಯನ್ನೂ ಬರೆದರು. ಎರಡು ಮಹಾಯುದ್ಧಗಳನ್ನು ಕಂಡ ತಲೆಮಾರಿನ ಶಿಕ್ಷಕಿಗೆ ಭೂಗೋಳದ ಪಾಠ ಬರಿಯ ಪಾಠವಾಗಿರಲಿಲ್ಲ.

ಜಿನೀವಾದಲ್ಲೇ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಎಂದರೆ ಐಬಿ, ಹುಟ್ಟಿತು. ಅದು ಮೊದಲು ಗಮನ ಕೊಟ್ಟದ್ದು ವಿಶ್ವವಿದ್ಯಾಲಯದ ಹೊಸ್ತಿಲಲ್ಲಿದ್ದ ಹದಿಹರೆಯದವರಿಗೆ. ಚಿಕ್ಕ ಮಕ್ಕಳ ಸರದಿ ಬರಲು ಸುಮಾರು ಮೂರು ದಶಕ ಬೇಕಾಯಿತು. ಅಂತರರಾಷ್ಟ್ರೀಯ ಶಾಲೆಗಳ ಶಿಕ್ಷಕರ ಒಂದು ಗುಂಪು 1990ರ ದಶಕದಲ್ಲಿ ತಾವೇ ಕಲೆತು ಪ್ರಾಥಮಿಕ ಪಠ್ಯಕ್ರಮ ರೂಪಿಸಿತು. 1997ರಲ್ಲಿ ಅದು ಐಬಿಯ ಪ್ರಾಥಮಿಕ ಕಾರ್ಯಕ್ರಮವಾಯಿತು. ಶಿಕ್ಷಕರ ಬಾಯಲ್ಲಿ ಪಿವೈಪಿ. ಪಾಠ ಹೇಳುವವರೇ ಕಟ್ಟಿದ ಪಠ್ಯಕ್ರಮವೆಂಬ ಗುರುತು ಅದರಲ್ಲಿ ಇಂದಿಗೂ ಕಾಣುತ್ತದೆ.

ಏನು ಕಲಿಸುತ್ತಾರೆ

ಎಲ್ಲ ಶಾಲೆಗಳಿಗೂ ಒಂದೇ ಪಠ್ಯಕ್ರಮವಿಲ್ಲ. ಕೆಲವು ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮ ಅನುಸರಿಸುತ್ತವೆ, ಕೆಲವು ಅಮೆರಿಕದ್ದನ್ನು, ಗಲ್ಫ್‌ನ ಹಲವು ಶಾಲೆಗಳು ನಮ್ಮ ಸಿಬಿಎಸ್‌ಇಯನ್ನು. ತರಗತಿಯ ಹೆಸರುಗಳೂ ತಾಳೆಯಾಗುವುದಿಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಮಗು ಐದು ತುಂಬಿದ ಮೇಲೆ ಇಯರ್ ಒನ್ ಸೇರುತ್ತದೆ. ಹೀಗಾಗಿ ನಮ್ಮ ಒಂದನೇ ತರಗತಿಯ ವಯಸ್ಸಿನ ಮಗು ಅಲ್ಲಿ ಇಯರ್ ಟೂನಲ್ಲಿರುತ್ತದೆ. ಮಗುವನ್ನು ಮುಂದೆ ಹಾಕಿದರೋ ಹಿಂದೆ ಹಾಕಿದರೋ ಎಂದು ಪೋಷಕರು ಗಾಬರಿಯಾಗುವುದು ಇಲ್ಲೇ.

ಪಿವೈಪಿಯಲ್ಲಿ ವರ್ಷದ ಕಲಿಕೆ ಆರು ದೊಡ್ಡ ವಿಷಯಗಳ ಸುತ್ತ ಹೆಣೆದಿರುತ್ತದೆ. ನಾವು ಯಾರು, ಜಗತ್ತು ಹೇಗೆ ನಡೆಯುತ್ತದೆ, ಭೂಮಿಯನ್ನು ಹೇಗೆ ಹಂಚಿಕೊಳ್ಳುತ್ತೇವೆ ಎಂಬಂಥವು ಅವು. ಒಂದೊಂದು ಘಟಕ ಕೆಲವು ವಾರ ನಡೆಯುತ್ತದೆ. ವಿಜ್ಞಾನ, ಸಮಾಜ, ಭಾಷೆ, ಚಿತ್ರ ಅದರೊಳಗೇ ಬೆರೆತು ಬರುತ್ತವೆ. ನೀರು ಎಲ್ಲಿಂದ ಬರುತ್ತದೆ ಎಂದು ದುಬೈನ ತರಗತಿಯಲ್ಲಿ ಕೇಳಿ ನೋಡಿ. ಅಲ್ಲಿನ ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಮಂಡ್ಯ ಕಡೆಯ ಮಗುವಿಗೆ ಅಜ್ಜಿ ಊರಿನ ನಾಲೆ ಗೊತ್ತು, ನೆದರ್ಲೆಂಡ್ಸಿನ ಮಗುವಿಗೆ ಸಮುದ್ರ ತಡೆಯುವ ಒಡ್ಡು ಗೊತ್ತು. ಮಕ್ಕಳ ಈ ಅನುಭವಗಳನ್ನು ಮುಂದಿಟ್ಟುಕೊಂಡು ಪ್ರಶ್ನೆಗಳನ್ನು ಬೆಳೆಸಬಲ್ಲ ಶಿಕ್ಷಕರಿಗೆ ಪಠ್ಯಪುಸ್ತಕದ ಕೊರತೆ ಕಾಡುವುದಿಲ್ಲ. ಪ್ರಾಥಮಿಕದ ಕೊನೆಯ ವರ್ಷ ಮಕ್ಕಳು ತಾವೇ ಆರಿಸಿಕೊಂಡ ಸಮಸ್ಯೆಯನ್ನು ಗುಂಪಾಗಿ ಅಧ್ಯಯನ ಮಾಡಿ ಎಲ್ಲರೆದುರು ಮಂಡಿಸುತ್ತಾರೆ. ಅದಕ್ಕೆ ಎಗ್ಸಿಬಿಷನ್ ಎಂದೇ ಹೆಸರು.

ತರಗತಿಯ ಶಿಕ್ಷಕರೇ ಹೆಚ್ಚಿನ ವಿಷಯ ಕಲಿಸುತ್ತಾರೆ. ಸಂಗೀತ, ವ್ಯಾಯಾಮ, ಆ ದೇಶದ ಭಾಷೆಗೆ ಬೇರೆಯವರು ಬರುತ್ತಾರೆ.

ಗಣಿತಕ್ಕೂ ಊರು ಉಂಟು

ಗಣಿತಕ್ಕೆ ಭಾಷೆ ಬೇಕಿಲ್ಲ, ಅದು ಎಲ್ಲೆಡೆ ಒಂದೇ ಎಂಬ ನಂಬಿಕೆ ಈ ತರಗತಿಯಲ್ಲಿ ಒಂದು ವಾರವೂ ಉಳಿಯದು. ಭಾರತದ ಮಗು ಒಂದು ಲಕ್ಷವನ್ನು 1,00,000 ಎಂದು ಬರೆದರೆ ಪಕ್ಕದ ಮಗು 100,000 ಎನ್ನುತ್ತದೆ. ಯುರೋಪಿನ ಬಹುಪಾಲು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಬಳಸುತ್ತಾರೆ, ಆದ್ದರಿಂದ ಎರಡೂವರೆ ಅಲ್ಲಿ 2,5. ಜರ್ಮನಿಯ ಮಗು ಭಾಗಾಕಾರಕ್ಕೆ ಎರಡು ಚುಕ್ಕೆ ಇಡುತ್ತದೆ, ಏಳರ ಅಂಕಿಗೆ ಅಡ್ಡಗೆರೆ ಎಳೆಯುತ್ತದೆ. ಫ್ರೆಂಚ್ ಮಗು ದೀರ್ಘ ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುತ್ತದೆ.

ಎಣಿಕೆಯ ಕ್ರಮವೂ ಬೇರೆಬೇರೆ. ಕನ್ನಡದಲ್ಲಿ ಇಪ್ಪತ್ತೈದು ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ. ಜರ್ಮನ್ನರು ಐದನ್ನು ಮೊದಲು ಹೇಳಿ ಇಪ್ಪತ್ತನ್ನು ಆಮೇಲೆ ಹೇಳುತ್ತಾರೆ. ಆ ಮಗು ಇಂಗ್ಲಿಷಿನಲ್ಲಿ ಕೇಳಿದ 25ನ್ನು 52 ಎಂದು ಬರೆದರೆ ಅದಕ್ಕೆ ಸ್ಥಾನಬೆಲೆ ಗೊತ್ತಿಲ್ಲ ಎಂದಲ್ಲ. ಇಂಥ ಕಡೆ ಕೆಂಪು ಗೀಟು ಎಳೆಯುವ ಮುಂಚೆ ‘ಇದನ್ನು ಹೇಗೆ ಮಾಡಿದೆ, ತೋರಿಸು’ ಎಂದು ಕೇಳುವ ತಾಳ್ಮೆ ಬೇಕು. ನನ್ನ ಮಟ್ಟಿಗೆ ಈ ಉದ್ಯೋಗದ ಮೊದಲ ಅರ್ಹತೆ ಅದೇ, ಪ್ರಮಾಣಪತ್ರಗಳು ಆಮೇಲೆ.

ಮಾತಾಡದ ಮಗು

ಹೊಸದಾಗಿ ಬಂದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಭಾಷಾಕಲಿಕೆಯಲ್ಲಿ ಇದು ಸಹಜವಾದ ಮೌನದ ಅವಧಿ. ಕೇಳುತ್ತಾ, ನೋಡುತ್ತಾ, ಇತರರು ಎದ್ದಾಗ ಏಳುತ್ತಾ, ಸಾಲು ನಿಂತಾಗ ಸಾಲು ನಿಲ್ಲುತ್ತಾ ಆ ಮಗು ಕಲಿಯುತ್ತಲೇ ಇರುತ್ತದೆ. ಒತ್ತಾಯಿಸಿ ಮಾತಾಡಿಸಿದರೆ ಮೌನ ಇನ್ನಷ್ಟು ಗಟ್ಟಿಯಾದೀತು. ಚಿತ್ರ ತೋರಿಸಿ ಉತ್ತರಿಸಲು, ತನ್ನ ಭಾಷೆಯಲ್ಲೇ ಬರೆಯಲು, ಅದೇ ನುಡಿಯ ಗೆಳೆಯನ ಜತೆ ಪಿಸುಗುಟ್ಟಲು ಬಿಟ್ಟರೆ ಅದರ ತಿಳಿವಳಿಕೆ ಹೊರಗೆ ಬರುತ್ತದೆ.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒಂದಿದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಆಟದ ಬಯಲಿನ ಭಾಷೆಯನ್ನೂ ಪಾಠದ ಭಾಷೆಯನ್ನೂ ಬೇರೆಯಾಗಿಸಿ ತೋರಿಸಿದರು. ಗೆಳೆಯರೊಡನೆ ಹರಟುವಷ್ಟು ಭಾಷೆ ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ. ಕಾರಣ ವಿವರಿಸುವ, ಹೋಲಿಸುವ, ವಾದ ಕಟ್ಟುವ ಭಾಷೆ ಕೈಗೂಡಲು ಐದರಿಂದ ಏಳು ವರ್ಷ ಬೇಕು. ಮಗು ಚಟಪಟನೆ ಮಾತಾಡುವುದನ್ನು ನೋಡಿ ಇನ್ನು ಸಹಾಯ ಬೇಡವೆಂದು ನಿರ್ಧರಿಸಿದರೆ, ಮುಂದೆ ಬರವಣಿಗೆಯಲ್ಲಿ ಅದು ಎಡವಿದಾಗ ಸೋಮಾರಿ ಎಂಬ ಹಣೆಪಟ್ಟಿ ಅಂಟುತ್ತದೆ.

ಮನೆಯಲ್ಲೂ ಇಂಗ್ಲಿಷನ್ನೇ ಮಾತಾಡಿ ಎಂದು ಪೋಷಕರಿಗೆ ಹೇಳುವ ಶಿಕ್ಷಕರು ಇಂದಿಗೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದ ಕೊಡುವ ಈ ಸಲಹೆ ಮಗುವಿಗೆ ಹಾನಿ ಮಾಡುತ್ತದೆ. ಒಂದು ಭಾಷೆಯಲ್ಲಿ ಕಲಿತ ಓದಿನ ಕೌಶಲ ಮತ್ತೊಂದು ಭಾಷೆಗೆ ನೆರವಾಗುತ್ತದೆ ಎಂಬುದನ್ನೂ ಕಮಿನ್ಸ್ ಅಷ್ಟೇ ಒತ್ತಿ ಹೇಳಿದ್ದಾರೆ. ಕಾಗುಣಿತ ಕಲಿತು ಕನ್ನಡದ ಕಥೆ ಓದಬಲ್ಲ ಮಗುವಿಗೆ ಗೆರೆಗಳಲ್ಲಿ ಧ್ವನಿ ಅಡಗಿದೆ, ಕಥೆಗೆ ಮೊದಲು ಕೊನೆ ಇದೆ ಎಂಬುದು ಆಗಲೇ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಮೊದಲಿಂದ ಕಲಿಯಬೇಕಿಲ್ಲ. ಅಜ್ಜ ಅಜ್ಜಿಯ ಜತೆ ಮಾತಾಡುವ ಭಾಷೆಯನ್ನು ಕಳೆದುಕೊಂಡ ಮಗುವಿಗಾದ ನಷ್ಟವನ್ನು ಯಾವ ಅಂಕಪಟ್ಟಿಯೂ ದಾಖಲಿಸುವುದಿಲ್ಲ.

ಇದನ್ನು ಅರಿತ ಶಾಲೆಗಳು ಮನೆಮಾತಿನ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಇಡುತ್ತವೆ, ಪೋಷಕರನ್ನು ಕರೆದು ಅವರ ಭಾಷೆಯಲ್ಲಿ ಕಥೆ ಓದಿಸುತ್ತವೆ. ಮಕ್ಕಳು ಎರಡು ಭಾಷೆಗಳಲ್ಲಿ ಪುಟ್ಟ ಪುಸ್ತಕ ಬರೆದು ಕಟ್ಟುತ್ತಾರೆ. ದುಬೈನಲ್ಲಿ ಕನ್ನಡಿಗರೇ ಸೇರಿ ಮಕ್ಕಳಿಗಾಗಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಅಲ್ಲಿ ಕಲಿಯುವ ಮಗು ತಮ್ಮ ತರಗತಿಯಲ್ಲಿದ್ದರೆ ಶಿಕ್ಷಕರಿಗೆ ಅದು ತಿಳಿದಿರಬೇಕು, ಏಕೆಂದರೆ ಅದೂ ಆ ಮಗುವಿನ ಓದೇ.

ಬರುವವರು, ಹೋಗುವವರು, ಉಳಿಯುವವರು

ಹೀಗೆ ದೇಶಾಂತರದಲ್ಲಿ ಬೆಳೆಯುವ ಮಕ್ಕಳ ಅಧ್ಯಯನಕ್ಕೆ ಭಾರತದ ನಂಟಿದೆ. 1950ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ ಕುಟುಂಬಗಳನ್ನು ಗಮನಿಸಿದರು. ಅಲ್ಲಿನ ಮಕ್ಕಳು ಹೆತ್ತವರ ಸಂಸ್ಕೃತಿಗೂ ಇರುವ ನೆಲದ ಸಂಸ್ಕೃತಿಗೂ ಪೂರ್ತಿ ಸೇರದೆ ಮೂರನೆಯದೊಂದನ್ನು ಕಟ್ಟಿಕೊಳ್ಳುವುದನ್ನು ಕಂಡು, ಅವರನ್ನು ಮೂರನೇ ಸಂಸ್ಕೃತಿಯ ಮಕ್ಕಳೆಂದು ಕರೆದರು. ಡೇವಿಡ್ ಪೊಲಾಕ್ ಮತ್ತು ರೂತ್ ವ್ಯಾನ್ ರೀಕನ್ ಆಮೇಲೆ ಈ ಮಕ್ಕಳ ಅಗಲಿಕೆಯ ದುಃಖದ ಬಗ್ಗೆ ವಿಸ್ತಾರವಾಗಿ ಬರೆದರು.

ಪೊಲಾಕ್ ಸೂಚಿಸಿದ ಕ್ರಮವನ್ನು ಪ್ರಾಥಮಿಕ ಶಿಕ್ಷಕರು ಸುಲಭವಾಗಿ ಅನುಸರಿಸಬಹುದು. ಊರು ಬಿಡುವ ಮಗು ಮೊದಲು ಮುನಿಸು ತೀರಿಸಿಕೊಳ್ಳಲಿ, ಬೇಕಾದವರಿಗೆ ಕೃತಜ್ಞತೆ ಹೇಳಲಿ, ಜನಕ್ಕೂ ಜಾಗಕ್ಕೂ ಸರಿಯಾಗಿ ವಿದಾಯ ಹೇಳಲಿ, ಆಮೇಲೆ ಹೋಗುವ ಊರಿನ ಬಗ್ಗೆ ಯೋಚಿಸಲಿ. ಹೋಗುವವರಿಗೆ ಕಾರ್ಡು, ಬರುವವರಿಗೆ ಜತೆಗಾರ ಎಂಬ ಏರ್ಪಾಡು ಹೆಚ್ಚಿನ ಶಾಲೆಗಳಲ್ಲಿದೆ. ಉಳಿಯುವ ಮಗುವಿನ ನೆನಪು ಮಾತ್ರ ಯಾರಿಗೂ ಬರುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಆಪ್ತ ಗೆಳೆಯರನ್ನು ಕಳೆದುಕೊಂಡ ಆ ಮಗು ಮುಂದಿನ ವರ್ಷ ಹೊಸಬರ ಹತ್ತಿರ ಸುಳಿಯದಿದ್ದರೆ ಅದನ್ನು ಜಂಬ ಎನ್ನಲಾಗದು.

ಆಯಾ ದೇಶದ ಕಟ್ಟಳೆ

ಶಾಲೆ ಅಂತರರಾಷ್ಟ್ರೀಯವಾದರೂ ಅದು ನಿಂತಿರುವ ನೆಲದ ಕಾನೂನಿಗೆ ಹೊರತಲ್ಲ. ಸಿಂಗಪುರದಲ್ಲಿ ಅಲ್ಲಿನ ಪ್ರಜೆಗಳ ಮಕ್ಕಳು ವಿದೇಶಿ ಪಠ್ಯಕ್ರಮದ ಶಾಲೆಗೆ ಸೇರಲು ಶಿಕ್ಷಣ ಸಚಿವಾಲಯದ ಅನುಮತಿ ಬೇಕು. ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆಗೆ 2006ರಲ್ಲಿ ಪ್ರತ್ಯೇಕ ಪ್ರಾಧಿಕಾರ ಸ್ಥಾಪನೆಯಾಯಿತು. ಅಲ್ಲಿನ ತಪಾಸಣೆಯಲ್ಲಿ ಶಾಲೆಗಳಿಗೆ ಅತ್ಯುತ್ತಮದಿಂದ ತೀರಾ ದುರ್ಬಲದವರೆಗೆ ಆರು ದರ್ಜೆಗಳಿವೆ. ಅರಬ್ಬಿ ಪಾಠ ಕಡ್ಡಾಯ. ರಂಜಾನ್ ತಿಂಗಳಲ್ಲಿ ಶಾಲಾ ಅವಧಿ ಮೊಟಕಾಗುತ್ತದೆ. 2022ರ ಜನವರಿಯಿಂದ ವಾರಾಂತ್ಯ ಶನಿವಾರ ಭಾನುವಾರಕ್ಕೆ ಬದಲಾಗಿ, ಶುಕ್ರವಾರ ಅರ್ಧ ದಿನದ ಶಾಲೆ ಬಂತು.

ಕರ್ನಾಟಕದಿಂದ ಹೋಗುವ ಶಿಕ್ಷಕರಿಗೆ

ಪದವಿ, ಬಿ.ಎಡ್. ಅಥವಾ ತತ್ಸಮಾನ ತರಬೇತಿ, ತರಗತಿಯ ಅನುಭವ ಸಾಮಾನ್ಯವಾಗಿ ಕೇಳುವ ಅರ್ಹತೆಗಳು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಪೊಲೀಸ್ ಪರಿಶೀಲನಾ ಪತ್ರವನ್ನೂ ಹಿಂದಿನ ಶಾಲೆಯ ಶಿಫಾರಸನ್ನೂ ಪರಿಶೀಲಿಸುತ್ತಾರೆ. ದಾಖಲೆಗಳನ್ನು ಒಂದೇ ಮುದ್ರೆಯಿಂದ ದೃಢೀಕರಿಸುವ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದ್ದರಿಂದ, ಒಪ್ಪಂದದ ಇತರ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಆ ಮುದ್ರೆ ಸಾಕು. ಒಪ್ಪಂದದ ಹೊರಗಿರುವ ಯುಎಇಯಂಥ ದೇಶಕ್ಕೆ ಅದರ ದೂತಾವಾಸದ ದೃಢೀಕರಣವೂ ಬೇಕು. ಈ ಓಡಾಟಕ್ಕೆ ಸಮಯ ಹಿಡಿಯುತ್ತದೆ, ಬೇಗ ಶುರುಮಾಡಿ. ಒಪ್ಪಂದ ಬಹುಪಾಲು ಎರಡು ವರ್ಷದ್ದು. ವಸತಿ, ವಿಮಾನದ ಟಿಕೆಟ್, ವೈದ್ಯಕೀಯ ವಿಮೆ, ಸ್ವಂತ ಮಕ್ಕಳ ಶುಲ್ಕ ಇವೆಲ್ಲ ಬರವಣಿಗೆಯಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು.

ಇಂಗ್ಲಿಷ್ ತಾಯ್ನುಡಿಯವರೇ ಬೇಕೆಂದು ಕೇಳುವ ಶಾಲೆಗಳಿವೆ. ಬಹುಭಾಷಿಕ ಮಕ್ಕಳಿಗೆ ಏಕಭಾಷಿಕ ಶಿಕ್ಷಕರೇ ಒಳಿತೆಂಬ ಈ ಯೋಚನೆಗೆ ಆಧಾರವಿಲ್ಲ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಗಳಿಂದ ಬಂದ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಓದು ಕಲಿಸಿದವರು ನಮ್ಮಲ್ಲಿ ಊರೂರಿಗೂ ಇದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿಯಲ್ಲೂ ಶಿಕ್ಷಕರೇ ಮುಂದೆ ನಿಂತಿದ್ದರು. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯಲ್ಲಿ ನೋಡಿ ಬಂದದ್ದನ್ನು ತಮ್ಮ ಮಕ್ಕಳಿಗೆ ಒಗ್ಗಿಸಿ, ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿದರು. ಪ್ರತಿ ಮಗು ತನ್ನ ವೇಗದಲ್ಲಿ ಏರುವ ಆ ಪದ್ಧತಿ ಪಿವೈಪಿಗಿಂತ ಎರಡು ವರ್ಷ ಹಿರಿಯದು. ಅದರಲ್ಲಿ ಪಳಗಿದವರು ಸಂದರ್ಶನದಲ್ಲಿ ಆ ಅನುಭವವನ್ನು ಮೊದಲ ಮಾತಿಗೇ ಹೇಳಬೇಕು, ಮಕ್ಕಳ ಕೆಲಸದ ಮಾದರಿಗಳನ್ನು ಜತೆಗೊಯ್ಯಬೇಕು. ತಮ್ಮ ಸರದಿ ಬಂದಾಗ ಶಾಲೆಗೂ ಒಂದೆರಡು ಪ್ರಶ್ನೆ ಹಾಕಬೇಕು: ಇಂಗ್ಲಿಷ್ ಹೊಸದಾಗಿ ಕಲಿಯುತ್ತಿರುವ ಮಕ್ಕಳು ತರಗತಿಯಲ್ಲಿ ಎಷ್ಟಿದ್ದಾರೆ, ಅವರಿಗೆ ಯಾರು ನೆರವಾಗುತ್ತಾರೆ, ಮನೆಮಾತಿನಲ್ಲಿ ಬರೆಯಲು ಶಾಲೆ ಬಿಡುತ್ತದೆಯೇ?